ಬಿಡುವಿಲ್ಲದ ಮಕ್ಕಳು, ಒತ್ತಡ, ನೆಮ್ಮದಿ: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಶಾಲೆಗಳಲ್ಲಿ ಪೋಷಕರ ಸಭೆ ಮುಗಿದ ಮೇಲೆ, ಎಲ್ಲರೂ ಕಾಫಿಗೆ ಹೋದಾಗ, ಒಬ್ಬಿಬ್ಬರು ಹಿಂದೆ ಉಳಿದು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಹಲವು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಆನಂತರ ಆಪ್ತಸಮಾಲೋಚನೆಯ ತರಬೇತಿ ಪಡೆದವಳು, ವೈದ್ಯೆಯಲ್ಲ. ವೈದ್ಯರ ಬಳಿ ಹೋಗಲೇಬೇಕಾದ ಸಂದರ್ಭ ಯಾವುದು ಎಂಬುದನ್ನು ಆಯಾ ಕಡೆಯೇ ಹೇಳಿದ್ದೇನೆ.

ಪ್ರಶ್ನೆ: ಆರು, ಏಳನೇ ತರಗತಿಯ ಮಕ್ಕಳಿಗೆ ಎಂಥ ಒತ್ತಡ? ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲವಲ್ಲ?

ನಿಮ್ಮ ಕಾಲದಲ್ಲಿ ಕಷ್ಟ ಇತ್ತು, ಆದರೆ ಕಷ್ಟಗಳ ನಡುವೆ ಸಂದು ಇತ್ತು. ಮೂರು ಕಿಲೋಮೀಟರ್ ನಡೆದು ಶಾಲೆಗೆ ಹೋಗುತ್ತಿದ್ದವರು ದಾರಿಯಲ್ಲಿ ಹುಣಸೆಕಾಯಿ ಉದುರಿಸಿಕೊಂಡು, ಕೆರೆ ಏರಿಯ ಮೇಲೆ ಕಲ್ಲು ಎಸೆದುಕೊಂಡು ಬರುತ್ತಿದ್ದಿರಿ. ಆ ಒಂದು ಗಂಟೆಯಲ್ಲಿ ಯಾರೂ ನಿಮ್ಮನ್ನು ಲೆಕ್ಕ ಕೇಳುತ್ತಿರಲಿಲ್ಲ.

ಪೋಷಕರ ಸಭೆಗಳಲ್ಲಿ ನಾನು ಮಕ್ಕಳಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಇಪ್ಪತ್ನಾಲ್ಕು ಮನೆ ಗೆರೆ ಹಾಕಿಸಿ, ಒಂದು ದಿನದ ಗಂಟೆಗಳಿಗೆ ಬಣ್ಣ ತುಂಬಲು ಹೇಳುತ್ತೇನೆ. ಏಳನೇ ತರಗತಿಯ ಒಬ್ಬ ಹುಡುಗ ಶಾಲೆಗೆ ನೀಲಿ, ಟ್ಯೂಷನ್‌ಗೆ ಕೆಂಪು, ಹೋಂವರ್ಕ್‌ಗೆ ಕಿತ್ತಳೆ, ನಿದ್ದೆಗೆ ಕಪ್ಪು ತುಂಬಿ, ಬೆಳಿಗ್ಗೆ ಮತ್ತು ಸಂಜೆಯ ಎರಡು ಸಣ್ಣ ತುಂಡುಗಳನ್ನು ಬಿಳಿಯಾಗಿಯೇ ಬಿಟ್ಟಿದ್ದ. ಅವು ಶಾಲಾ ವ್ಯಾನಿನ ಹೊತ್ತು. ಬಣ್ಣ ಯಾಕೆ ಹಾಕಿಲ್ಲ ಎಂದು ಕೇಳಿದ್ದಕ್ಕೆ, "ಅದು ನನ್ನ ಟೈಮು ಮಿಸ್, ಅಲ್ಲಿ ಯಾರೂ ಏನೂ ಕೇಳಲ್ಲ" ಎಂದ. ಹದಿನಾಲ್ಕು ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವ, ಹಾಡು ಕಿವಿಗಡಚಿಕ್ಕುವ ವ್ಯಾನಿನಲ್ಲಿ ಅವನಿಗೆ ನೆಮ್ಮದಿ ಸಿಗುತ್ತಿತ್ತು. ಪಕ್ಕದಲ್ಲಿ ನಿಂತಿದ್ದ ಅವನ ಅಪ್ಪ ಆ ಹಾಳೆಯನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು, ಏನೂ ಮಾತಾಡಲಿಲ್ಲ.

ಪ್ರಶ್ನೆ: ಒತ್ತಡವಾದಾಗ ದೇಹದೊಳಗೆ ಏನಾಗುತ್ತದೆ? ಒತ್ತಡವೆಲ್ಲ ಕೆಟ್ಟದ್ದೇ?

ಎಲ್ಲವೂ ಕೆಟ್ಟದ್ದಲ್ಲ. ಅಪಾಯ ಅಥವಾ ಸವಾಲು ಎದುರಾದಾಗ ಮಿದುಳಿನ ಸೂಚನೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಸ್ವಲ್ಪ ಹೊತ್ತಿನ ಬಳಿಕ ಕಾರ್ಟಿಸಾಲ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಕಬಡ್ಡಿ ಅಂಕಣಕ್ಕೆ ಇಳಿಯುವ ಮೊದಲು ಆಗುವ ನಡುಕವೂ ಇದೇ. ಆಟ ಮುಗಿದ ಅರ್ಧ ಗಂಟೆಯಲ್ಲಿ ಅದು ಇಳಿದರೆ ತೊಂದರೆಯೇನೂ ಇಲ್ಲ, ಮಗು ಗಟ್ಟಿಯಾಗುತ್ತದೆ. ಇಳಿಯಲು ಸಮಯವೇ ಸಿಗದೆ ಒಂದರ ಮೇಲೊಂದು ಏರುತ್ತಲೇ ಹೋದರೆ ನಿದ್ದೆ, ಹಸಿವು, ನೆನಪಿನ ಶಕ್ತಿ ಮೂರೂ ಕೆಡುತ್ತವೆ. ಯೋಚಿಸಿ ನಿರ್ಧರಿಸುವ ಮಿದುಳಿನ ಮುಂಭಾಗ ಮಕ್ಕಳಲ್ಲಿ ಇನ್ನೂ ಬೆಳೆಯುತ್ತಿರುತ್ತದೆ. ಗಾಬರಿಯ ಹೊತ್ತಿನಲ್ಲಿ ಅದರ ಹಿಡಿತ ಮತ್ತಷ್ಟು ಸಡಿಲವಾಗುತ್ತದೆ. ಆದ್ದರಿಂದಲೇ ಅಳುತ್ತಿರುವ ಮಗುವಿಗೆ ಆ ಗಳಿಗೆಯಲ್ಲಿ ಹೇಳುವ ಬುದ್ಧಿಮಾತು ತಲೆಗೆ ಹತ್ತುವುದಿಲ್ಲ.

ಪ್ರಶ್ನೆ: ಸೋಮವಾರ ಬೆಳಿಗ್ಗೆಯೇ ಮಗಳಿಗೆ ಹೊಟ್ಟೆನೋವು ಬರುತ್ತದೆ. ಭಾನುವಾರ ಇರುವುದಿಲ್ಲ. ಇದು ನಾಟಕವಲ್ಲವೇ?

ನೋವು ನಿಜ. ಮನಸ್ಸಿನ ಬಿಗಿತಕ್ಕೆ ಕರುಳು ಬೇಗ ಸ್ಪಂದಿಸುತ್ತದೆ, ಅದರಲ್ಲೂ ಚಿಕ್ಕ ಮಕ್ಕಳಲ್ಲಿ ಮಾತಿಗಿಂತ ಮೊದಲು ಹೊಟ್ಟೆಯೇ ದೂರು ಕೊಡುತ್ತದೆ. ಮೊದಲು ವೈದ್ಯರಿಗೆ ತೋರಿಸಿ; ಜಂತುಹುಳು, ಮಲಬದ್ಧತೆ, ಮೂತ್ರದ ಸೋಂಕು, ರಕ್ತಹೀನತೆ ಇವೆಲ್ಲವನ್ನೂ ನೋಡಿಸಿಕೊಳ್ಳಬೇಕು. ತಲೆನೋವಾದರೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿ. ಅವೆಲ್ಲ ಸರಿಯಿದೆ ಎಂದಾದ ಮೇಲೆ ಎರಡು ವಾರ ದಿನಾಂಕ ಬರೆದಿಟ್ಟುಕೊಂಡು ನೋಡಿ. ಒಂದು ಮನೆಯಲ್ಲಿ ಹಾಗೆ ಬರೆದಿಟ್ಟಾಗ ನೋವು ಸೋಮವಾರಕ್ಕೆ ಮಾತ್ರವಲ್ಲ, ಗುರುವಾರಕ್ಕೂ ಸೇರಿತ್ತು. ಆ ಎರಡೂ ದಿನ ಮೊದಲ ಪೀರಿಯಡ್ಡಿನಲ್ಲಿ ಮಗ್ಗಿ ಒಪ್ಪಿಸಬೇಕಿತ್ತು, ತಪ್ಪಿದವರು ಬೆಂಚಿನ ಮೇಲೆ ನಿಲ್ಲಬೇಕಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಅಲ್ಲಿನ ಶಿಕ್ಷಕರಿಗೆ ನೆನಪಿಸಬೇಕಾಯಿತು.

ಉಗುರು ಕಚ್ಚುವುದು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ತಮ್ಮತಂಗಿಯರ ಮೇಲೆ ಕಾರಣವಿಲ್ಲದೆ ಕೈಮಾಡುವುದು, ಇಷ್ಟದ ಆಟವನ್ನೂ ಬೇಡವೆನ್ನುವುದು, ಡೈರಿಯಲ್ಲಿ ಸುಳ್ಳು ಸಹಿ ಹಾಕುವುದು, ಇವೂ ಒತ್ತಡದ ಗುರುತುಗಳಾಗಿರಬಹುದು. ತುಂಬ ವಿಧೇಯವಾಗಿರುವ ಮಗುವನ್ನೂ ಗಮನಿಸಿ. ಗಲಾಟೆ ಮಾಡುವ ಮಗುವಿನ ಬಗ್ಗೆ ಹತ್ತು ಜನ ದೂರು ಹೇಳುತ್ತಾರೆ, ಸುಮ್ಮನೆ ಕುಗ್ಗುವ ಮಗುವಿನ ಬಗ್ಗೆ ಯಾರೂ ಹೇಳುವುದಿಲ್ಲ.

ಪ್ರಶ್ನೆ: ಯೋಗ ಅಥವಾ ಧ್ಯಾನದ ತರಗತಿಗೆ ಸೇರಿಸಿದರೆ ಮಗು ಶಾಂತವಾಗುತ್ತದೆಯೇ?

ಈ ಪ್ರಶ್ನೆಯನ್ನೇ ನಾನು ಅತಿ ಹೆಚ್ಚು ಕೇಳಿಸಿಕೊಂಡಿದ್ದೇನೆ. ಯೋಗದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಂಜೆ ಐದೂವರೆಯಿಂದ ಏಳೂವರೆಯವರೆಗೆ ಟ್ಯೂಷನ್ ಇರುವ ಮಗುವನ್ನು ಬೆಳಿಗ್ಗೆ ಐದಕ್ಕೆ ಎಬ್ಬಿಸಿ, ಸಮವಸ್ತ್ರ ಹಾಕಿಸಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಶಾಂತಿ ಕಲಿಸಿದರೆ ಅದು ಮತ್ತೊಂದು ಪೀರಿಯಡ್ ಆಗುತ್ತದೆ. ಅಲ್ಲಿಯೂ ಹಾಜರಿ, ಅಲ್ಲಿಯೂ ಸ್ಪರ್ಧೆ, ವರ್ಷದ ಕೊನೆಗೆ ಅಲ್ಲಿಯೂ ಒಂದು ಪ್ರಮಾಣಪತ್ರ. ನನ್ನ ಮಗಳಿಗೆ ಹತ್ತು ವರ್ಷವಿದ್ದಾಗ ನಾನೂ ಇದೇ ತಪ್ಪು ಮಾಡಿದ್ದೆ; ಮೂರನೇ ವಾರದಲ್ಲಿ ಅವಳು ಶವಾಸನದಲ್ಲೇ ಗಾಢವಾಗಿ ನಿದ್ದೆ ಹೋಗಿ, ಅಲ್ಲಿದ್ದವರು ನನಗೆ ಫೋನ್ ಮಾಡಬೇಕಾಯಿತು. ಅವಳಿಗೆ ಬೇಕಿದ್ದುದು ನಿದ್ದೆ.

ನಮ್ಮ ಕಡೆ ರೇಷ್ಮೆ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಾಕಿಯಿಂದ, ಅಂದರೆ ಮರಿಹುಳುವಿನ ಹಂತದಿಂದ, ಗೂಡು ಕಟ್ಟುವ ತನಕ ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಅದು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಇರುತ್ತದೆ. ಎಷ್ಟೇ ಅವಸರದ ರೈತನಾದರೂ ಆ ಹೊತ್ತಿನಲ್ಲಿ ಸೊಪ್ಪು ಹಾಕುವುದಿಲ್ಲ, ತಟ್ಟೆ ಅಲುಗಿಸುವುದಿಲ್ಲ. ಹಳೆಯ ಚರ್ಮ ಕಳಚಿ ಹೊಸದು ಬರುವುದೇ ಆಗ. "ಹುಳಕ್ಕೆ ಬಿಡುವು ಕೊಡುವ ನೀವು ಹುಡುಗನಿಗೆ ಯಾಕೆ ಕೊಡುತ್ತಿಲ್ಲ" ಎಂದು ಶಿಡ್ಲಘಟ್ಟದ ಪಕ್ಕದ ಹಳ್ಳಿಯೊಂದರಲ್ಲಿ ಕೇಳಿದಾಗ ಒಬ್ಬ ಅಜ್ಜಿ ಜೋರಾಗಿ ನಕ್ಕು, ಪಕ್ಕದಲ್ಲಿದ್ದ ಸೊಸೆಯ ಕಡೆ ತಿರುಗಿ ನೋಡಿದರು.

ಪ್ರಶ್ನೆ: ಹಾಗಾದರೆ ಏನನ್ನು ಬಿಡಿಸಬೇಕು?

ಅದನ್ನು ಮಗುವಿನ ಜೊತೆ ಕೂತು ನಿರ್ಧರಿಸಿ. ಕ್ಯಾಲೆಂಡರಿನ ಹಾಳೆಯನ್ನೇ ಮುಂದಿಟ್ಟುಕೊಂಡು, "ಇದರಲ್ಲಿ ಯಾವುದಕ್ಕೆ ಹೋಗುವಾಗ ನಿನ್ನ ಕಾಲು ಹಿಂದೆ ಬೀಳುತ್ತದೆ?" ಎಂದು ಕೇಳಿದರೆ ಮಕ್ಕಳು ತಡವಿಲ್ಲದೆ ತೋರಿಸುತ್ತಾರೆ. ಅಬಾಕಸ್, ಕರಾಟೆ, ಕೀಬೋರ್ಡ್, ಹಿಂದಿ ಪರೀಕ್ಷೆ, ಡ್ಯಾನ್ಸ್ ಎಲ್ಲವೂ ಒಳ್ಳೆಯವೇ, ಒಂದೇ ವಾರದಲ್ಲಿ ಎಲ್ಲವೂ ಬೇಡ. ಶಾಲೆಯ ಹೊರಗೆ ಒಂದು, ಹೆಚ್ಚೆಂದರೆ ಎರಡು ಎಂಬುದು ನನ್ನ ಲೆಕ್ಕ. ಅದರಲ್ಲಿ ಒಂದಾದರೂ ಮಗುವಿನ ಆಯ್ಕೆಯಾಗಿರಲಿ, ಮೈ ಬೆವರುವಂಥದ್ದಾಗಿರಲಿ. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಚೆನ್ನಾಗಿ ಮೈ ದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದಕ್ಕೆ ಶುಲ್ಕ ಕಟ್ಟುವ ಅಗತ್ಯವಿಲ್ಲ. ಕಂದವಾರದ ಕೆರೆ ಏರಿ ಇದೆ, ಶಾಲೆಯ ಮೈದಾನ ಇದೆ, ಮನೆಯ ಮುಂದೆ ಕುಂಟೆಬಿಲ್ಲೆಗೆ ಸಾಕಾಗುವಷ್ಟು ಜಾಗ ಇದ್ದೇ ಇರುತ್ತದೆ.

ದಿನಕ್ಕೆ ಅರ್ಧ ಗಂಟೆಯನ್ನು ಯಾವ ಹೆಸರೂ ಇಲ್ಲದೆ ಖಾಲಿ ಬಿಡಿ. ಮೊದಲ ವಾರ ಮಗು "ಬೋರು" ಎಂದು ಹಿಂದೆ ಮುಂದೆ ಸುತ್ತುತ್ತದೆ, ಟಿವಿ ಕೇಳುತ್ತದೆ. ಸೋಲಬೇಡಿ. ಎರಡನೇ ವಾರದ ಹೊತ್ತಿಗೆ ಇರುವೆಗಳಿಗೆ ಸಕ್ಕರೆ ಹಾಕಿಕೊಂಡೋ, ಹಳೆಯ ರೇಡಿಯೋ ಬಿಚ್ಚಿಕೊಂಡೋ ಕೂತಿರುತ್ತದೆ.

ಪ್ರಶ್ನೆ: ನಿದ್ದೆ ಎಷ್ಟು ಬೇಕು? ಓದಿಗೆಂದು ಸ್ವಲ್ಪ ಕಡಿಮೆ ಮಾಡಿದರೆ ಏನಾಗುತ್ತದೆ?

ಆರರಿಂದ ಹನ್ನೆರಡು ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟರವರಿಗೆ 8ರಿಂದ 10 ಗಂಟೆ ಎಂಬುದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಪ್ರಕಟಿಸಿದ ಶಿಫಾರಸು. ಮೇಲೆ ಹೇಳಿದ ಹುಡುಗ ರಾತ್ರಿ ಹತ್ತೂಕಾಲಿಗೆ ಮಲಗಿ ಐದೂವರೆಗೆ ಏಳುತ್ತಿದ್ದ, ಅಂದರೆ ಏಳೂಕಾಲು ಗಂಟೆ. ಅವನಿಗೆ ಹನ್ನೆರಡು ವರ್ಷ. ಕನಿಷ್ಠ ಒಂಬತ್ತು ಗಂಟೆಯ ಲೆಕ್ಕ ಹಿಡಿದರೂ ದಿನಕ್ಕೆ ಒಂದೂಮುಕ್ಕಾಲು ಗಂಟೆ, ಶಾಲೆಯಿರುವ ಆರು ದಿನಗಳಿಗೆ ಹತ್ತೂವರೆ ಗಂಟೆ ಸಾಲ. ಭಾನುವಾರದ ಒಂದು ಮಧ್ಯಾಹ್ನದಲ್ಲಿ ಅದು ತೀರುವುದಿಲ್ಲ. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಿ ಕೂರುವುದು ನಿದ್ದೆಯಲ್ಲಿ. ನಿದ್ದೆ ಕತ್ತರಿಸಿ ಓದಿಸುವುದೆಂದರೆ ತಳ ಒಡೆದ ಕೊಡಕ್ಕೆ ನೀರು ಸೇದಿ ತುಂಬಿದ ಹಾಗೆ.

ನಮ್ಮ ಮನೆಗಳಲ್ಲಿ ಅಡ್ಡಿಯಾಗುವುದು ಊಟದ ಹೊತ್ತು. ಸಂಜೆ ಹಾಲು ಕರೆದು ಡೈರಿಗೆ ಹಾಕಿ, ಅಂಗಡಿ ಮುಚ್ಚಿ ದೊಡ್ಡವರು ಬರುವಷ್ಟರಲ್ಲಿ ಒಂಬತ್ತಾಗಿರುತ್ತದೆ. ಮಕ್ಕಳಿಗೆ ಏಳೂವರೆಗೇ ಮುದ್ದೆಯೋ ಅನ್ನವೋ ಬಡಿಸಿಬಿಡಿ, ದೊಡ್ಡವರಿಗಾಗಿ ಕಾಯಿಸಬೇಡಿ. ಒಂಬತ್ತು, ಹತ್ತನೇ ತರಗತಿಯವರ ವಿಷಯ ಸ್ವಲ್ಪ ಬೇರೆ. ಹರೆಯದಲ್ಲಿ ನಿದ್ದೆಗೆ ಕರೆಯುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ತಡವಾಗಿ ಸ್ರವಿಸುತ್ತದೆ, ಹೀಗಾಗಿ ಒಂಬತ್ತಕ್ಕೆ ಮಲಗಿಸಿದರೂ ಅವರಿಗೆ ಕಣ್ಣು ಹತ್ತುವುದಿಲ್ಲ. ಅಂಥವರನ್ನು ನಸುಕಿನ ನಾಲ್ಕಕ್ಕೆ ಎಬ್ಬಿಸಿ ಓದಿಸುವ ನಮ್ಮ ಹಳೆಯ ಪದ್ಧತಿಯಿಂದ ಎರಡೂ ಕಡೆ ನಷ್ಟ.

ಪ್ರಶ್ನೆ: ಮಗು ಗಾಬರಿಯಾಗಿ ನಡುಗುತ್ತಿರುವಾಗ ಆ ಕ್ಷಣಕ್ಕೆ ಏನು ಮಾಡಬೇಕು?

ಮಾತು ಕಡಿಮೆ ಮಾಡಿ, ಪಕ್ಕದಲ್ಲಿ ಕೂತುಕೊಳ್ಳಿ. "ಭಯಪಡಬೇಡ" ಎನ್ನುವುದಕ್ಕಿಂತ "ಎದೆ ಹೊಡೆದುಕೊಳ್ಳುತ್ತಿದೆ ಅಲ್ವಾ, ಇಳಿಯುತ್ತದೆ, ನಾನು ಇಲ್ಲೇ ಇದ್ದೇನೆ" ಎಂಬ ಮಾತು ಹಿಡಿಸುತ್ತದೆ. ಆಮೇಲೆ ಉಸಿರು. ಉಸಿರು ಒಳಗೆ ಎಳೆದಾಗ ಹೃದಯದ ಬಡಿತ ತುಸು ಏರಿ, ಹೊರಗೆ ಬಿಟ್ಟಾಗ ಇಳಿಯುತ್ತದೆ. ವೇಗಸ್ ಎಂಬ ನರ ಇದನ್ನು ನಡೆಸುತ್ತದೆ. ಆದ್ದರಿಂದ ಬಿಡುವ ಉಸಿರು ಎಳೆಯುವ ಉಸಿರಿಗಿಂತ ಉದ್ದವಾಗಿರಬೇಕು. ನಾಲ್ಕು ಎಣಿಸುವವರೆಗೆ ಎಳೆದುಕೊಂಡು, ಆರು ಎಣಿಸುವವರೆಗೆ ಬಿಡುವುದನ್ನು ಹತ್ತು ಸಲ ಮಾಡಿದರೆ ಎರಡು ನಿಮಿಷವೂ ಆಗುವುದಿಲ್ಲ.

ಚಿಕ್ಕವರಿಗೆ ಎಣಿಕೆ ಹೇಳಿಕೊಟ್ಟರೆ ಎಣಿಕೆಯ ಕಡೆಗೇ ಗಮನ ಹೋಗುತ್ತದೆ. ನಾನು ಬಿಸಿ ಹಾಲಿನ ಲೋಟ ಹಿಡಿಸುತ್ತೇನೆ. ಮೇಲೆ ಕಟ್ಟಿದ ಕೆನೆ ಮಡಿಸಿಕೊಳ್ಳದೆ, ಹಾಲು ತುಳುಕದೆ, ಆಚೆಯ ಅಂಚಿಗೆ ಮೆಲ್ಲಗೆ ಸರಿಯುವಂತೆ ಊದಬೇಕು. ಜೋರಾಗಿ ಊದಿದರೆ ಕೆನೆ ಹರಿಯುತ್ತದೆ, ತುಟಿ ಸಣ್ಣದಾಗಿ ಮಾಡಿ ಉದ್ದಕ್ಕೆ ಊದಿದರೆ ಮಾತ್ರ ಸರಿಯುತ್ತದೆ. ನಾಲ್ಕೈದು ದಿನ ಹೀಗೆ ಆಡಿದ ಮಗು ಆಮೇಲೆ ಲೋಟವಿಲ್ಲದೆಯೂ, ಪರೀಕ್ಷೆಯ ಕೋಣೆಯಲ್ಲಿಯೂ "ಕೆನೆ ಉಸಿರು" ತೆಗೆದುಕೊಳ್ಳುತ್ತದೆ. ಮಗು ನೆಮ್ಮದಿಯಾಗಿರುವಾಗಲೇ ಇದನ್ನು ರೂಢಿ ಮಾಡಿಸಬೇಕು. ಗಾಬರಿಯಾದ ದಿನವೇ ಮೊದಲ ಪಾಠವಾದರೆ ಉಪಯೋಗಕ್ಕೆ ಬಾರದು.

ಪ್ರಶ್ನೆ: ಐದನೇ ತರಗತಿಯ ಮಗ ನವೋದಯ ಪರೀಕ್ಷೆಗೆ ತಯಾರಾಗುತ್ತಿದ್ದಾನೆ. ಒತ್ತಡ ಹಾಕದೆ ಇರುವುದು ಹೇಗೆ?

ಮೊದಲು ಸತ್ಯ ಹೇಳಿ. ಕೇಂದ್ರ ಸರ್ಕಾರದ ನವೋದಯ ವಸತಿ ಶಾಲೆಯ ಆರನೇ ತರಗತಿಗೆ ಸೇರಲು ಬರೆಯುವ ಇದು ಎರಡು ಗಂಟೆಯ, 80 ಪ್ರಶ್ನೆಗಳ, 100 ಅಂಕಗಳ ಪರೀಕ್ಷೆ. ಅರ್ಧದಷ್ಟು ಪ್ರಶ್ನೆಗಳು ಚಿತ್ರಗಳ ಮೇಲಿನ ಬೌದ್ಧಿಕ ಸಾಮರ್ಥ್ಯದವು, ಉಳಿದವು ಅಂಕಗಣಿತ ಮತ್ತು ಭಾಷೆಯವು. ಒಂದು ಶಾಲೆಗೆ ಹೆಚ್ಚೆಂದರೆ 80 ಸೀಟು, ಅದನ್ನು ಇಡೀ ಜಿಲ್ಲೆಯ ಮಕ್ಕಳು ಹಂಚಿಕೊಳ್ಳಬೇಕು. ಒಂದು ಮಗು ಒಮ್ಮೆ ಮಾತ್ರ ಬರೆಯಬಹುದು. ಹೀಗಿರುವಾಗ ಚೆನ್ನಾಗಿ ಓದುವ ಹೆಚ್ಚಿನ ಮಕ್ಕಳಿಗೂ ಸೀಟು ಸಿಗುವುದಿಲ್ಲ ಎಂಬುದು ಬರಿಯ ಲೆಕ್ಕ, ದಡ್ಡತನವಲ್ಲ. ಈ ಮಾತನ್ನು ಫಲಿತಾಂಶ ಬಂದ ಮೇಲೆ ಸಮಾಧಾನಕ್ಕಾಗಿ ಹೇಳಿದರೆ ಮಗು ನಂಬುವುದಿಲ್ಲ, ಅರ್ಜಿ ಹಾಕುವ ದಿನವೇ ಹೇಳಬೇಕು. ನೆಂಟರಿಷ್ಟರಿಗೆಲ್ಲ ಮುಂಚೆಯೇ ಸಾರಬೇಡಿ. ಹತ್ತು ವರ್ಷದ ಮಗುವನ್ನು ಮದುವೆ ಮನೆಯಲ್ಲಿ ಹದಿನೈದು ಜನ "ನವೋದಯ ಏನಾಯ್ತೋ" ಎಂದು ಕೇಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಎಸ್‌ಎಸ್‌ಎಲ್‌ಸಿ ಎಂದರೆ ಜೀವನದ ತಿರುವು ಅಲ್ಲವೇ? ಅಲ್ಲಿಯೂ ಸಡಿಲ ಬಿಡಬೇಕೇ?

ಮುಖ್ಯ ಪರೀಕ್ಷೆ ನಿಜ. 625 ಅಂಕಗಳ ಲೆಕ್ಕ ನಮ್ಮೂರಿನಲ್ಲಿ ಹಾಲಿನ ಡೈರಿಯವರಿಗೂ ಗೊತ್ತು. ಆದರೆ "ಇದೊಂದೇ ಅವಕಾಶ" ಎಂಬ ಮಾತು ಈಗ ನಿಜವಲ್ಲ. 2024ರಿಂದ ಎಸ್‌ಎಸ್‌ಎಲ್‌ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಸುವ ಪದ್ಧತಿ ಬಂದಿದೆ. ಅಂಕ ಕಡಿಮೆಯೆನಿಸಿದ ವಿಷಯವನ್ನು ಮತ್ತೆ ಬರೆದು, ಹೆಚ್ಚು ಬಂದದ್ದನ್ನು ಉಳಿಸಿಕೊಳ್ಳಬಹುದು. ಇದನ್ನು ಮಗುವಿಗೆ ಈಗಲೇ ತಿಳಿಸಿ. ನಂದಿಯಲ್ಲಿ ಶಿವರಾತ್ರಿಯ ತೇರು ನಡೆಯುವುದು ಪರೀಕ್ಷೆಯ ದಿನಗಳು ಹತ್ತಿರವಾದಾಗ; "ಈ ವರ್ಷ ತೇರಿಲ್ಲ, ಓದಿಕೋ" ಎಂದು ಕೂರಿಸುವ ಮನೆಗಳು ಬಹಳ. ಎರಡು ಗಂಟೆ ಹೋಗಿ, ಕಡ್ಲೆಪುರಿ ತಿಂದು ಬರಲಿ. ಆ ಎರಡು ಗಂಟೆಯಿಂದ ಅಂಕ ಹೋಗುವುದಿಲ್ಲ.

ಪ್ರಶ್ನೆ: ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಇದರಿಂದಲೂ ಮಗುವಿಗೆ ಒತ್ತಡವಾಗುತ್ತದೆಯೇ?

ಮೂರು ಭಾಷೆ ಕಲಿಯುವುದರಿಂದ ಆಗುವುದಿಲ್ಲ, ನಗೆಪಾಟಲಾಗುವುದರಿಂದ ಆಗುತ್ತದೆ. ನಮ್ಮ ಜಿಲ್ಲೆಯ ಮಕ್ಕಳು ಅಜ್ಜಿಯ ಜೊತೆ ತೆಲುಗಿನಲ್ಲೋ ಉರ್ದುವಿನಲ್ಲೋ ಜಗಳವಾಡಿ, ಗೆಳೆಯರ ಜೊತೆ ಕನ್ನಡದಲ್ಲಿ ರಾಜಿಯಾಗುವವರು. ಅದು ಅವರ ಶಕ್ತಿ. ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಎನ್ನುವಾಗ ಮಗು ಬಾಯಿ ಬಿಡುವ ಮೊದಲು ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ತೂಗಿ ನೋಡಬೇಕಾಗುತ್ತದೆ, ಸಂಜೆಯ ಹೊತ್ತಿಗೆ ಅದೇ ಒಂದು ದಣಿವು. ಮನೆಗೆ ಬಂದ ಮೇಲಾದರೂ ಬಾಯಿಗೆ ಬಂದ ಭಾಷೆಯಲ್ಲಿ ಮಾತಾಡಲು ಬಿಡಿ, ಅಲ್ಲಿಯೂ ಇಂಗ್ಲಿಷ್ ಅಭ್ಯಾಸ ಬೇಡ.

ಪ್ರಶ್ನೆ: ರೇಷ್ಮೆ, ಹಾಲು, ತರಕಾರಿ ನಮ್ಮ ಜೀವನ. ಮಕ್ಕಳು ಕೈಜೋಡಿಸಲೇಬೇಕು. ಅದು ತಪ್ಪೇ?

ಮನೆಯ ಕೆಲಸದಲ್ಲಿ ತನ್ನದೂ ಒಂದು ಪಾಲಿದೆ ಎಂಬ ಅರಿವು ಮಗುವಿಗೆ ಒಳ್ಳೆಯದನ್ನೇ ಮಾಡುತ್ತದೆ. ಕರುವಿಗೆ ನೀರು ಇಡುವುದು, ಹುಳುವಿನ ಮನೆಯ ಮುಂದೆ ಗುಡಿಸುವುದು ಹಲವು ಮಕ್ಕಳಿಗೆ ಓದಿನ ನಡುವಿನ ಬಿಡುವೂ ಹೌದು. ಕೊನೆಯ ಜ್ವರ ಎದ್ದ ಮೇಲೆ ಹುಳು ಸೊಪ್ಪು ಹೆಚ್ಚು ತಿನ್ನುವ ದಿನಗಳಲ್ಲಿ ಮಕ್ಕಳನ್ನು ಸರಿರಾತ್ರಿ ಎಬ್ಬಿಸುವುದು, ಶಾಲೆ ತಪ್ಪಿಸುವುದು ಬೇರೆ ವಿಷಯ. ಅದು ಕೂಡದು.

ಕೆಲಸಕ್ಕಿಂತ ಹೆಚ್ಚಾಗಿ ಮಕ್ಕಳನ್ನು ಕಾಡುವುದು ಕತ್ತಲಲ್ಲಿ ಕೇಳಿಸುವ ಮಾತು. ಗೂಡಿನ ರೇಟು ಬಿದ್ದ ದಿನ, ಟೊಮೆಟೊ ರಸ್ತೆಗೆ ಸುರಿದ ದಿನ, ಗಂಡ ಹೆಂಡತಿ ಪಿಸುಮಾತಿನಲ್ಲಿ ಸಾಲದ ಲೆಕ್ಕ ಹಾಕುತ್ತಾರೆ. ಪಕ್ಕದ ಚಾಪೆಯ ಮಗು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿಸಿಕೊಂಡು, ಕೇಳಿಸದ ಭಾಗವನ್ನು ತಾನೇ ಊಹಿಸಿಕೊಳ್ಳುತ್ತದೆ. ಊಹೆ ಯಾವಾಗಲೂ ಸತ್ಯಕ್ಕಿಂತ ದೊಡ್ಡದಾಗಿರುತ್ತದೆ. ಬೆಳಿಗ್ಗೆ ಎರಡೇ ಮಾತಿನಲ್ಲಿ ಹೇಳಿಬಿಡಿ: ಈ ಸಲ ದುಡ್ಡು ಕಡಿಮೆ ಬಂತು, ಹೊಸ ಬಟ್ಟೆ ಮುಂದಕ್ಕೆ ಹೋಗುತ್ತದೆ, ನಿನ್ನ ಶಾಲೆ ನಿಲ್ಲುವುದಿಲ್ಲ.

ಪ್ರಶ್ನೆ: ಮೊಬೈಲ್ ಕೊಟ್ಟರೆ ಮಗು ಶಾಂತವಾಗಿರುತ್ತದೆ. ಕೊಡಬಹುದೇ?

ಸುಮ್ಮನಿರುವುದೂ ಶಾಂತವಾಗಿರುವುದೂ ಒಂದೇ ಅಲ್ಲ. ಫೋನ್ ಕಿತ್ತುಕೊಂಡ ಗಳಿಗೆಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮಲಗುವ ಒಂದು ಗಂಟೆ ಮೊದಲು ಮನೆಯ ಫೋನುಗಳೆಲ್ಲ ಒಂದೇ ಕಡೆ ಚಾರ್ಜಿಗೆ ಬೀಳಲಿ, ಅಪ್ಪನದೂ ಸೇರಿ.

ಪ್ರಶ್ನೆ: ನಾನೇ ತಾಳ್ಮೆ ಕಳೆದುಕೊಂಡು ಕೂಗಾಡಿಬಿಡುತ್ತೇನೆ. ಆಮೇಲೆ ಪಶ್ಚಾತ್ತಾಪವಾಗುತ್ತದೆ. ಏನು ಮಾಡಲಿ?

ಹೋಗಿ ಮಗುವಿಗೆ ಹೇಳಿ. "ನಾನು ಕೂಗಿದ್ದು ತಪ್ಪು, ಆಫೀಸಿನ ಸಿಟ್ಟು ನಿನ್ನ ಮೇಲೆ ಬಂತು" ಎಂದರೆ ನಿಮ್ಮ ಮರ್ಯಾದೆ ಕಡಿಮೆಯಾಗುವುದಿಲ್ಲ. ಬೆಂಗಳೂರಿನ ಕೆಲಸಕ್ಕೆ ದಿನಾ ಅರವತ್ತು ಕಿಲೋಮೀಟರ್ ಹೋಗಿ ಬರುವ ತಾಯಂದಿರಿಗೆ ನಾನು ಒಂದು ಸಣ್ಣ ಉಪಾಯ ಹೇಳುತ್ತೇನೆ: ಬಾಗಿಲು ದಾಟಿದ ಕೂಡಲೇ ಹೋಂವರ್ಕ್ ಕೇಳಬೇಡಿ. ಕೈಕಾಲು ತೊಳೆದು, ಹತ್ತು ನಿಮಿಷ ಮಗುವಿನ ಪಕ್ಕ ಕೂತು, ಆಮೇಲೆ ಏನು ಬೇಕಾದರೂ ಕೇಳಿ.

ಪ್ರಶ್ನೆ: ಯಾವಾಗ ಪರಿಣತರ ಸಹಾಯ ಬೇಕು? ಎಲ್ಲಿ ಸಿಗುತ್ತದೆ?

ಎರಡು ವಾರಕ್ಕೂ ಹೆಚ್ಚು ಕಾಲ ನಿದ್ದೆ, ಊಟ, ಆಟ, ಗೆಳೆತನ ಕೆಟ್ಟಿದ್ದರೆ, ಮಗು ಶಾಲೆಗೆ ಹೋಗುವುದನ್ನೇ ನಿಲ್ಲಿಸಿದ್ದರೆ, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ ತಡ ಮಾಡಬಾರದು. ಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹಾ ಕ್ಲಿನಿಕ್‌ಗಳಿವೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಅಲ್ಲಿಂದ ಮುಂದಕ್ಕೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಯಾರಿಂದಲಾದರೂ ಹಿಂಸೆಯಾಗುತ್ತಿದ್ದರೆ ಮಕ್ಕಳ ಸಹಾಯವಾಣಿ 1098.

"ಸತ್ತುಹೋದರೆ ಒಳ್ಳೆಯದು" ಎಂಬ ಮಾತು ಮಗುವಿನ ಬಾಯಿಂದ ಒಂದು ಸಲ ಬಂದರೂ ಅದನ್ನು ಬೆದರಿಕೆ ಎಂದು ತಳ್ಳಿಹಾಕಬೇಡಿ. ನೇರವಾಗಿ, ಬೈಯದೆ ಕೇಳಿ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಮಗುವನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ತಂದ ಕೀಟನಾಶಕದ ಡಬ್ಬಗಳನ್ನು ದ್ರಾಕ್ಷಿ ಚಪ್ಪರದ ಶೆಡ್ಡಿನಲ್ಲೋ ಮಂಚದ ಕೆಳಗೋ ಇಟ್ಟಿದ್ದರೆ ಆ ದಿನವೇ ಬೀಗ ಹಾಕಿ, ಕೀಲಿ ನಿಮ್ಮ ಬಳಿ ಇಟ್ಟುಕೊಳ್ಳಿ, ಮನೆಯಲ್ಲಿರುವ ಮಾತ್ರೆಗಳನ್ನೂ ಎತ್ತಿಡಿ. 14416ಕ್ಕೆ ಕರೆ ಮಾಡುವಾಗ ಮಗು ಎಷ್ಟು ದಿನದಿಂದ ಹೀಗಿದೆ, ಎಷ್ಟು ಗಂಟೆ ಮಲಗುತ್ತದೆ, ಯಾವ ಮಾತು ಆಡಿತು ಎಂಬುದನ್ನು ಮಗು ಆಡಿದ ಪದಗಳಲ್ಲೇ ಬರೆದಿಟ್ಟುಕೊಂಡಿರಿ. ಮಗುವಿಗೆ ಇಷ್ಟವಿದ್ದರೆ ಫೋನನ್ನು ಅದರ ಕೈಗೇ ಕೊಟ್ಟು, ನೀವು ಬಾಗಿಲ ಹೊರಗೆ ಕೂತಿರಿ.